‘ಟಕ್’ ಎಂದದ್ದು ಕುರ್ಚಿಯೋ, ಹೆಬ್ಬೆರಳೋ?

ಮಡಚುವ ಕುರ್ಚಿಗಳನ್ನು ತಯಾರಿಸಿ, ನಿಂತು ನಿಂತು ಸೋತ ಲೋಕಕ್ಕೆ ಕೂರುವ ಭಾಗ್ಯ ಕರುಣಿಸಿರುವ ಕಂಪನಿಯ ಮುಖ್ಯಸ್ಥರ ಸನ್ನಿಧಿಗೆ, ಬಲಗೈ ಹೆಬ್ಬೆರಳೊಂದನ್ನು ಬಿಟ್ಟು ಉಳಿದೆಲ್ಲ ಬೆರಳುಗಳನ್ನೂ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು, ತಮ್ಮ ಮನೆಯವರು ಹಾಗೂ ತಮ್ಮೆಲ್ಲರ ಬೆರಳುಗಳು ಕ್ಷೇಮವಾಗಿರುವುವೆಂದು ನಂಬಿದ್ದೇನೆ. ನಾನು ಔಷಧಿ ಅಂಗಡಿಗೂ ಗಡಿಯಾರ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಒಂದು ಸಣ್ಣ ಸಲೂನಿನವನು. ಇಷ್ಟು ವರ್ಷ ಊರಿನವರ ತಲೆಯ ಮೇಲೆ ಕತ್ತರಿ ಆಡಿಸಿಯೂ ಯಾರ ಕೂದಲೂ ಕೊಂಕದಂತೆ ನೋಡಿಕೊಂಡು ಬಂದವನು. ಪೆನ್ನು ಹಿಡಿಯುವ ಸ್ಥಿತಿಯಲ್ಲಿ ನಾನಿಲ್ಲವಾದ್ದರಿಂದ ನಾನು ಹೇಳುತ್ತಿದ್ದೇನೆ, ನನ್ನ ಹೆಂಡತಿ ಬರೆಯುತ್ತಿದ್ದಾಳೆ. ನಡುವೆ ಎಲ್ಲಾದರೂ ಮಾತು ಖಾರವಾದರೆ ಅದು ಅವಳದು, ವಿನಯವಾಗಿದ್ದರೆ ನನ್ನದು ಎಂದು ತಾವು ದಯವಿಟ್ಟು ತಿಳಿಯಬೇಕು.

ಕಾಯುವ ಗಿರಾಕಿಗಳಿಗೆಂದು ಇದ್ದ ಹಳೆಯ ಬೆಂಚು ಮುರಿದುಬಿದ್ದಾಗ, ‘ಮಡಚಿದರೆ ಮೂಲೆಗೆ, ಬಿಡಿಸಿದರೆ ಮರ್ಯಾದೆಗೆ’ ಎಂಬ ತಮ್ಮ ಜಾಹೀರಾತಿಗೆ ಮರುಳಾಗಿ ತಮ್ಮ ನೀಲಿ ಕುರ್ಚಿಯೊಂದನ್ನು ಮನೆಗೆ ಸೊಸೆಯನ್ನು ತರುವ ಸಡಗರದಿಂದ ಅಂಗಡಿಗೆ ತಂದೆ. ಆ ಕುರ್ಚಿಯ ಗುಣಗಾನ ಮಾಡದೆ ದೂರಿಗೆ ಇಳಿದರೆ ನಾನು ಕೃತಘ್ನನಾಗುತ್ತೇನೆ. ಮಡಚುವ ಕುರ್ಚಿ ಎಂದು ತಾವು ಹೆಸರಿಟ್ಟಿದ್ದೀರಿ, ಅದು ಆ ಹೆಸರನ್ನು ಪ್ರಾಣಕ್ಕಿಂತ ಹೆಚ್ಚಾಗಿ ಉಳಿಸಿಕೊಂಡಿದೆ. ಹೇಳಿದಾಗ ಮಡಚಿಕೊಳ್ಳುತ್ತದೆ, ಹೇಳದಿದ್ದಾಗಲೂ ಮಡಚಿಕೊಳ್ಳುತ್ತದೆ, ಬಿಡಿಸುವಾಗಲಂತೂ ಇನ್ನಷ್ಟು ಉತ್ಸಾಹದಿಂದ ಮಡಚಿಕೊಳ್ಳುತ್ತದೆ. ಇಷ್ಟು ನಿಷ್ಠೆಯಿಂದ ಒಂದೇ ಕೆಲಸ ಮಾಡುವವರು ಈಗಿನ ಕಾಲದಲ್ಲಿ ಸಿಗುವುದು ಕಷ್ಟ.

ಕುರ್ಚಿಯ ಬೆನ್ನಿಗೆ ತಾವು ಒಂದು ಸೂಚನೆಯನ್ನೂ ಅಂಟಿಸಿದ್ದೀರಿ: ‘ಎರಡೂ ಕೀಲುಗಳನ್ನು ಗಟ್ಟಿಯಾಗಿ ಹಿಡಿದು ಕುರ್ಚಿಯನ್ನು ಬಿಡಿಸಿರಿ, ಟಕ್ ಎಂಬ ಶಬ್ದ ಬಂದ ಮೇಲಷ್ಟೇ ಕೈ ತೆಗೆಯಿರಿ.’ ನನ್ನಷ್ಟು ವಿಧೇಯ ಗ್ರಾಹಕ ತಮಗೆ ಇನ್ನೊಬ್ಬ ಸಿಕ್ಕಿರಲಾರ. ಆ ದಿನ ನನ್ನ ತಿರುಗುವ ಕುರ್ಚಿಯಲ್ಲಿ ನಮ್ಮ ಬೀದಿಯ ವಕೀಲರು ಕೂತಿದ್ದರು. ಅವರ ತಲೆಯ ಎಡಭಾಗ ಮುಗಿದು ಬಲಭಾಗಕ್ಕೆ ಕತ್ತರಿ ಇಡಬೇಕು ಎನ್ನುವಷ್ಟರಲ್ಲಿ ಹಿಟ್ಟಿನ ಗಿರಣಿಯವರು ಒಳಗೆ ಬಂದರು. ಅವರು ದೊಡ್ಡ ಮನುಷ್ಯರು, ಎಲ್ಲ ದಿಕ್ಕಿನಿಂದಲೂ ದೊಡ್ಡವರು. ಅವರನ್ನು ನಿಲ್ಲಿಸಿಕೊಂಡಿದ್ದರೆ ನನ್ನ ಅಂಗಡಿಯಲ್ಲಿ ಬೇರೆ ಯಾರೂ ನಿಲ್ಲುವ ಹಾಗಿಲ್ಲ. ಆದ್ದರಿಂದ ಕತ್ತರಿ ಕೆಳಗಿಟ್ಟು, ತಾವು ಅಪ್ಪಣೆ ಕೊಡಿಸಿದಂತೆ ಎರಡೂ ಕೀಲುಗಳನ್ನು ಗಟ್ಟಿಯಾಗಿ ಹಿಡಿದು ಕುರ್ಚಿ ಬಿಡಿಸಿದೆ, ಶಬ್ದಕ್ಕಾಗಿ ಕಿವಿಗೊಟ್ಟು ಕಾದೆ. ಗಿರಣಿಯವರೂ ಕಾದರು, ವಕೀಲರು ಕನ್ನಡಿಯಲ್ಲಿ ನೋಡುತ್ತಾ ಕಾದರು. ಕುರ್ಚಿ ಕೊಂಚ ಯೋಚಿಸಿ, ಮನಸ್ಸು ಬದಲಾಯಿಸಿ, ನನ್ನ ಹೆಬ್ಬೆರಳನ್ನು ಎರಡು ಕಬ್ಬಿಣದ ಕೊಳವೆಗಳ ನಡುವೆ ಇಟ್ಟುಕೊಂಡು ಮಡಚಿಕೊಂಡಿತು. ಶಬ್ದವೇನೋ ಬಂತು ಮಾನ್ಯರೇ, ಆದರೆ ಬಂದದ್ದು ನನ್ನ ಬೆರಳಿನಿಂದ. ಸೂಚನೆಯ ಪ್ರಕಾರ ಆಗ ನಾನು ಕೈ ತೆಗೆಯಬೇಕಿತ್ತು. ಕೈ ಸಿದ್ಧವಾಗಿಯೇ ಇತ್ತು, ಕುರ್ಚಿ ಒಪ್ಪಲಿಲ್ಲ.

ವಕೀಲರು ಕುತ್ತಿಗೆಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನೂ ಬಿಚ್ಚದೆ ನನ್ನನ್ನು ಆಸ್ಪತ್ರೆಗೆ ಓಡಿಸಿಕೊಂಡು ಹೋದರು. ಅವರ ಅರ್ಧ ತಲೆಯನ್ನು ನೋಡಿದ ನರ್ಸಮ್ಮ, ತಲೆಯ ಆಪರೇಷನ್ನಿಗೆ ತಯಾರಾದ ರೋಗಿ ತಪ್ಪಿಸಿಕೊಂಡು ಓಡಾಡುತ್ತಿದ್ದಾರೆಂದು ತಿಳಿದು ಅವರನ್ನೇ ಮಂಚದ ಮೇಲೆ ಮಲಗಿಸಿದರು. ತಾನು ವಕೀಲನೆಂದು ಅವರು ಎಷ್ಟು ವಾದಿಸಿದರೂ ಆಕೆ, “ಎಲ್ಲಾ ಸರಿಹೋಗುತ್ತೆ, ಸುಮ್ನೆ ಮಲಗಿ” ಎಂದು ಸಮಾಧಾನ ಮಾಡಿದರಂತೆ. ವಕೀಲರು ಸೋತ ವಾದ ಅದೊಂದೇ ಎಂದು ಬೀದಿಯಲ್ಲಿ ಮಾತು. ಅಂದೇ ಅವರು ನನ್ನ ಪರವಾಗಿ ತಮ್ಮ ಕಂಪನಿಯ ಮೇಲೆ ದಾವೆ ಹೂಡುವುದಾಗಿ ಶಪಥ ಮಾಡಿದರು, ಆಮೇಲೆ ಹೂಡಿಯೂ ಬಿಟ್ಟರು.

ಈಗ ನನ್ನ ಪೆದ್ದುತನದ ವಿಷಯಕ್ಕೆ ಬರುತ್ತೇನೆ. ತಮ್ಮ ಗ್ರಾಹಕ ಸೇವೆಗೆ ಫೋನು ಮಾಡಿದಾಗ, ಜೇನು ಸುರಿಯುವ ದನಿಯ ಒಬ್ಬ ಹೆಣ್ಣುಮಗಳು ಏನಾಯಿತೆಂದು ವಿಚಾರಿಸಿದಳು. ನೋವಿನಲ್ಲಿ ಹಿಂದುಮುಂದು ನೋಡದೆ ನಾನು, “ಟಕ್ ಅಂತು ಮೇಡಂ” ಎಂದುಬಿಟ್ಟೆ. ಅಷ್ಟೇ ಸಾಕಾಯಿತು. ‘ಟಕ್ ಎಂಬ ಶಬ್ದ ಬಂದಿರುವುದಾಗಿ ತಾವೇ ಒಪ್ಪಿರುವುದರಿಂದ ಕುರ್ಚಿಯ ಬೀಗ ಸರಿಯಾಗಿ ಕೆಲಸ ಮಾಡಿರುವುದು ಖಚಿತವಾಗಿದ್ದು, ಶಬ್ದ ಬಂದ ಮೇಲೂ ಕೈ ತೆಗೆಯದೆ ವಿಳಂಬ ಮಾಡಿದ ಹೊಣೆ ತಮ್ಮದೇ ಆಗಿರುತ್ತದೆ’ ಎಂಬ ತಮ್ಮ ಉತ್ತರ ಬಂತು. ಎಂಥ ನುಣುಪಾದ ಉತ್ತರ! ನಾನೂ ಇಷ್ಟು ವರ್ಷ ಬೇಕಾದಷ್ಟು ತಲೆ ಬೋಳಿಸಿದ್ದೇನೆ, ಇಷ್ಟು ನುಣ್ಣಗೆ ಬೋಳಿಸಲು ನನಗೆ ಬಂದಿಲ್ಲ.

ಅದನ್ನು ಓದಿದ ನನ್ನ ಹೆಂಡತಿ ಹಣೆ ಚಚ್ಚಿಕೊಂಡಳು. “ಮೂಳೆ ಎಲ್ಲಾದ್ರೂ ಟಕ್ ಅನ್ನುತ್ತಾ? ಲಟಕ್ ಅನ್ನುತ್ತೆ. ದಿನಾ ಗಿರಾಕಿಗಳ ಕತ್ತು ತಿರುಗಿಸಿ ಲಟಿಕೆ ಮುರೀತೀರಲ್ಲ, ಅಷ್ಟೂ ಗೊತ್ತಾಗಲ್ವಾ ನಿಮಗೆ?” ಎಂದಳು. ಅವಳ ಮಾತು ನೂರಕ್ಕೆ ನೂರು ಸತ್ಯ. ಬೀಗದ್ದು ಟಕ್, ತೆಂಗಿನಕಾಯಿ ಬಿದ್ದರೆ ದಬ್, ಹನಿ ಬಿದ್ದರೆ ತೊಟ್, ಮೂಳೆಯದು ಲಟಕ್; ಎಳೆ ಮಗುವಿಗೂ ಗೊತ್ತಿರುವ ಈ ವ್ಯತ್ಯಾಸವನ್ನು ಕಬ್ಬಿಣದ ನಡುವೆ ಬೆರಳು ಸಿಕ್ಕಿಕೊಂಡ ಕ್ಷಣದಲ್ಲಿ ನಾನು ಮರೆತೆ. ತಿದ್ದಿ ಬರೆದು ಕಳಿಸಿದರೆ, ‘ದೂರುದಾರರು ಶಬ್ದದ ಕುರಿತ ಹೇಳಿಕೆ ಬದಲಾಯಿಸಿದ್ದಾರೆ’ ಎಂದಿರಿ. ಆದ್ದರಿಂದ ತಮ್ಮಲ್ಲಿ ಒಂದು ಬಿನ್ನಹ: ಮುಂದೆ ತಯಾರಿಸುವ ಕುರ್ಚಿಗಳ ಜೊತೆಗೆ, ಯಾವ ಬೆರಳಿಗೆ ಯಾವ ಶಬ್ದ, ಕಿರುಬೆರಳು ಚಿಟ್ ಎನ್ನಬೇಕೋ ಕಿಟ್ ಎನ್ನಬೇಕೋ ಎಂದು ತಿಳಿಸುವ ಪುಟ್ಟ ನಿಘಂಟನ್ನೂ ಕೊಡುವ ಕೃಪೆ ಮಾಡಬೇಕು. ಸಾಧ್ಯವಾದರೆ ಗ್ರಾಹಕರ ಬೆರಳುಗಳಿಗೆ ತಮ್ಮಲ್ಲೇ ಒಂದು ವಾರ ತರಬೇತಿಯನ್ನೂ ಕೊಡಿಸಬೇಕು.

ಮಾನ್ಯರೇ, ಶಬ್ದದ ಮಾತು ಬಂದಿತಾದ್ದರಿಂದ ಇನ್ನೊಂದನ್ನು ಹೇಳಬೇಕು, ಇದರಲ್ಲಿ ತಮಾಷೆ ಇಲ್ಲ. ನನಗೆ ಕತ್ತರಿ ಕಲಿಸಿದ್ದು ನನ್ನ ಅಪ್ಪ. ತಲೆ ಮುಟ್ಟುವ ಮೊದಲು ಕತ್ತರಿ ಗಾಳಿಯಲ್ಲಿ ಕಚಕಚ ಎಂದು ಒಂದು ಸುತ್ತು ಮಾತಾಡಬೇಕು, ಆಗ ಗಿರಾಕಿಯ ಭುಜ ತಾನಾಗಿಯೇ ಸಡಿಲವಾಗುತ್ತದೆ ಎಂದು ಅವರು ಹೇಳಿಕೊಟ್ಟಿದ್ದರು. ಆ ಸದ್ದು ಬರುವುದು ಹೆಬ್ಬೆರಳಿನಿಂದ. ಗಂಟು ಮಡಚುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದಿದ್ದಾರೆ ಡಾಕ್ಟರು. ಎಂದೋ ಕತ್ತರಿ ಕೆಳಗಿಟ್ಟಿದ್ದ ಅಪ್ಪ ಈಗ ನಡುಗುವ ಕೈಯಲ್ಲಿ ಮತ್ತೆ ಅಂಗಡಿಗೆ ಬರುತ್ತಿದ್ದಾರೆ. ಗಿರಾಕಿಗಳು ಒಳ್ಳೆಯವರು, ನಮ್ಮ ಮುಖ ನೋಡಿ ತಲೆ ಕೊಡುತ್ತಾರೆ. ವಕೀಲರ ಬಲಭಾಗವನ್ನು ಮುಗಿಸಿದ್ದೂ ಅಪ್ಪನೇ, ಅದರಲ್ಲಿ ಈಗ ಮೂರು ಅಲೆಗಳಿವೆ. ಮೊನ್ನೆ ಅಂಗಡಿಯಲ್ಲಿ ಯಾರೂ ಇಲ್ಲದಾಗ ಅಪ್ಪ ತಾವೇ ತಿರುಗುವ ಕುರ್ಚಿಯಲ್ಲಿ ಕೂತು, “ನನ್ನ ತಲೆ ಮೇಲೆ ಅಭ್ಯಾಸ ಮಾಡೋ, ಕೆಟ್ಟರೂ ಕೇಳೋರಿಲ್ಲ” ಎಂದರು. ಕತ್ತರಿ ಎತ್ತಿಕೊಂಡೆ, ಅದು ಒಂದೇ ಒಂದು ಕಚ್ ಎನ್ನುವ ಮೊದಲೇ ಕೈಜಾರಿ ನೆಲಕ್ಕೆ ಬಿತ್ತು. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡದ ಹಾಗೆ ಕಣ್ಣು ಮುಚ್ಚಿಕೊಂಡರು. ನನಗೆ ಅಳು ಬಂತು, ಅತ್ತುಬಿಟ್ಟೆ.

ಇಷ್ಟಾದ ಮೇಲೆ ತಮ್ಮ ತನಿಖಾಧಿಕಾರಿಗಳು ನಮ್ಮ ಅಂಗಡಿಗೆ ದಯಮಾಡಿಸಿದರು. ಗರಿಗರಿ ಅಂಗಿ, ಕೈಯಲ್ಲಿ ಉದ್ದನೆಯ ಕಪ್ಪು ಕೊಡೆ. ಅವರು ತಮ್ಮದೇ ಕಂಪನಿಯ ಕುರ್ಚಿಯನ್ನು ಬಾಗಿಲಲ್ಲೇ ನಿಂತು, ಕಟ್ಟಿಹಾಕದ ನಾಯಿಯನ್ನು ನೋಡುವಂತೆ ನೋಡಿದರು. ಆಮೇಲೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಕೊಡೆಯ ತುದಿಯಿಂದ ಅದನ್ನು ಬಿಡಿಸಿದರು. ಅಪ್ಪ ಹಳೆಯ ಕಾಲದವರು, ಬಂದವರನ್ನು ನಿಲ್ಲಿಸಿ ಮಾತಾಡಿಸುವವರಲ್ಲ. “ಕೂತ್ಕೊಳ್ಳಿ ಸಾಹೇಬ್ರೆ” ಎಂದರು. “ಪರವಾಗಿಲ್ಲ ಯಜಮಾನ್ರೆ, ನನಗೆ ನಿಂತೇ ಅಭ್ಯಾಸ” ಎಂದರು ಅಧಿಕಾರಿಗಳು. ನನ್ನ ಹೆಂಡತಿ ಚಹಾ ತಂದು ಮತ್ತೆ ಕೂರಲು ಹೇಳಿದಳು. “ಸೊಂಟ ನೋವಮ್ಮ, ಕೂತ್ರೆ ಏಳಕ್ಕಾಗಲ್ಲ” ಎಂದರು. ನಾನು ಕುರ್ಚಿಯ ಧೂಳು ಒರೆಸಿ ಕೈ ತೋರಿಸಿದೆ. ಅವರು ಗೋಡೆಗೆ ಇನ್ನಷ್ಟು ಒರಗಿಕೊಂಡರು. ಹಾಗೆ ನಿಂತೇ ಚಹಾ ಕುಡಿದು, ನಿಂತೇ ನನ್ನ ಬೆರಳು ನೋಡಿ, ಗೋಡೆಗೆ ಕಾಗದ ಒತ್ತಿ ಹಿಡಿದು, ನಿಂತೇ ವರದಿ ಬರೆದರು: ‘ಕುರ್ಚಿಯು ಕೂರಲು ಸಂಪೂರ್ಣ ಸುರಕ್ಷಿತವಾಗಿದೆ.’ ವಕೀಲರ ಪ್ರಕಾರ ನಮ್ಮ ಪಾಲಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಈಗ ತಾವು ದೊಡ್ಡ ಮನಸ್ಸು ಮಾಡಿ, ದಾವೆ ಹಿಂತೆಗೆದುಕೊಂಡರೆ ಅದೇ ಬಣ್ಣದ ಅದೇ ಕುರ್ಚಿಯನ್ನು ಹೊಸದಾಗಿ ಕೊಡುವುದಾಗಿ ತಿಳಿಸಿದ್ದೀರಿ. ತಮ್ಮ ಔದಾರ್ಯಕ್ಕೆ ಎಡಗೈ ಹೆಬ್ಬೆರಳು ಈಗಾಗಲೇ ನಡುಗುತ್ತಿದೆ. ನನಗೆ ಕುರ್ಚಿ ಬೇಡ. ಕೀಲುಗಳಿಗೆ ಬೆರಳು ಸಿಗದಂತೆ ಒಂದು ಮರೆ ಇಲ್ಲದಿರುವುದು ಕುರ್ಚಿಯ ದೋಷ, ಬೆರಳಿನದಲ್ಲ ಎಂದು ತಾವು ಒಪ್ಪಿಕೊಳ್ಳಬೇಕು, ಮಾರಾಟವಾದ ಇಂಥ ಎಲ್ಲ ಕುರ್ಚಿಗಳನ್ನೂ ವಾಪಸು ಕರೆಸಿಕೊಳ್ಳಬೇಕು. ಅದು ಕಷ್ಟವೆನಿಸಿದರೆ ಸುಲಭದ ದಾರಿಯೊಂದಿದೆ. ವಿಚಾರಣೆಯ ದಿನ ನಾನು ಆ ನೀಲಿ ಕುರ್ಚಿಯನ್ನು ಹೊತ್ತು ಗ್ರಾಹಕರ ನ್ಯಾಯಾಲಯಕ್ಕೆ ಬರುತ್ತೇನೆ. ತಾವು ಖುದ್ದಾಗಿ ಬಂದು, ಎರಡೂ ಕೀಲುಗಳನ್ನು ಗಟ್ಟಿಯಾಗಿ ಹಿಡಿದು ಅದನ್ನು ಬಿಡಿಸಿ, ಅದರ ಮೇಲೆ ಕೂತು ತಮ್ಮ ಹೇಳಿಕೆಯನ್ನು ಕೊಟ್ಟು ಮುಗಿಸಿದರೆ, ನನ್ನ ದಾವೆಯನ್ನು ಅಲ್ಲೇ ಹಿಂತೆಗೆದುಕೊಳ್ಳುತ್ತೇನೆ. ಕೊನೆಯವರೆಗೂ ನಿಂತೇ ಇದ್ದರೆ, ಏನು ತಿಳಿಯಬೇಕೆಂಬುದನ್ನು ನ್ಯಾಯಾಧೀಶರಿಗೆ ಬಿಡುತ್ತೇನೆ.

ತಮ್ಮ ಬೆರಳುಗಳಿಗೆ ದೀರ್ಘಾಯುಷ್ಯ ಕೋರುತ್ತಾ, ಸಹಿಯ ಬದಲು ಎಡಗೈ ಹೆಬ್ಬೆಟ್ಟು ಒತ್ತುತ್ತಿರುವ,

ತಮ್ಮ ವಿಶ್ವಾಸಿ,
ಸಲೂನಿನವನು

ವಿ.ಸೂ.: ಇದನ್ನು ಅವರು ಹೇಳಿದ್ದಲ್ಲ, ಬರೆಯುತ್ತಿರುವ ಹೆಂಡತಿಯಾದ ನಾನೇ ಸೇರಿಸುತ್ತಿದ್ದೇನೆ. ತಮ್ಮ ತನಿಖಾಧಿಕಾರಿಗಳು ಅವಸರದಲ್ಲಿ ಕೊಡೆಯನ್ನು ಬಿಟ್ಟುಹೋಗಿದ್ದಾರೆ. ಬಿಟ್ಟುಹೋದರು ಎನ್ನುವುದಕ್ಕಿಂತ, ಹೊರಡುವಾಗ ಅದರ ತುದಿಯಿಂದಲೇ ಮಡಚಲು ಹೋದಾಗ ಕುರ್ಚಿ ಬಿಡಲಿಲ್ಲ ಎನ್ನುವುದು ಸರಿ. ಅದು ಈಗಲೂ ಕೀಲಿನಲ್ಲೇ ಸಿಕ್ಕಿಕೊಂಡಿದೆ, ಕೊಡೆಯ ಕಡ್ಡಿ ಮುರಿದಾಗ ಬಂದ ಶಬ್ದವನ್ನು ನಾವೆಲ್ಲ ಕೇಳಿದ್ದೇವೆ. ಮಳೆಗಾಲಕ್ಕೆ ಮುಂಚೆ ಅವರು ಯಾವಾಗ ಬೇಕಾದರೂ ಬಂದು ಬಿಡಿಸಿಕೊಂಡು ಹೋಗಬಹುದು. ಹೆದರಬೇಕಾಗಿಲ್ಲ ಎಂದು ತಿಳಿಸಿ. ಎರಡೂ ಕೀಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಟಕ್ ಎಂಬ ಶಬ್ದ ಬಂದ ಮೇಲೆ ಕೈ ತೆಗೆದರಾಯಿತು.