ಟಿಂಗೂನ ತಲೆ

"ಅದೇನ ಮಹಾ? ಒಂದ ಡಬ್ಬಿ, ಒಂದ ತೂತು. ನಾ ಮಾಡತೇನಿ ಬಿಡು!"

ಗುರುಪಾದ ಹೆಂಡತಿಯ ಎದುರು ಆಡಿದ ಈ ಒಂದು ಮಾತು ಅವನ ಶನಿವಾರವನ್ನು ನುಂಗಿ ನೀರು ಕುಡಿಯಿತು.

ಆಗಿದ್ದಿಷ್ಟು. ಮಗಳು ದಾನೇಶ್ವರಿಯ ಶಾಲೆಯಲ್ಲಿ ಅಂದು ಮಧ್ಯಾಹ್ನ ಗ್ಯಾದರಿಂಗು, ಅದರಲ್ಲಿ ವೇಷಭೂಷಣದ ಸ್ಪರ್ಧೆ. ಎರಡನೇ ಇಯತ್ತೆಯ ಹುಡುಗಿಯರು ಕಿತ್ತೂರು ಚೆನ್ನಮ್ಮ ಆಗುವುದು ಜಮಖಂಡಿಯಲ್ಲಿ ಹಾಲುಹಲ್ಲು ಬೀಳುವಷ್ಟೇ ಸಹಜ. ಕಿರೀಟ, ಕತ್ತಿ, ಅಂಚಿನ ಸೀರೆ ಎಲ್ಲ ಬಜಾರದಲ್ಲಿ ಬಾಡಿಗೆಗೆ ಸಿಗುತ್ತವೆ. ಆದರೆ ದಾನಿ ಮಾತ್ರ "ನಾ ಟಿಂಗೂನ ಆಗಾಕಿ" ಎಂದು ಹಟ ಹಿಡಿದು ಕೂತಳು. ಟಿಂಗೂ ಎಂದರೆ ಮೊಬೈಲಿನ ಆಟವೊಂದರ ವೀರ. ಹಸಿರು ಬಣ್ಣ, ಚೌಕ ತಲೆ, ಚೌಕ ಮೈ, ಹಣೆಯ ನಡುವೆ ಒಂದೇ ಕಣ್ಣು. ಗೋಡೆ ಜಿಗಿದಾಗಲೆಲ್ಲ "ಟಿಂಗ್!" ಎನ್ನುತ್ತಾನೆ. ಅವನ ವೇಷ ಜಮಖಂಡಿಯ ಬಜಾರಕ್ಕೆ ಇನ್ನೂ ಬಂದಿರಲಿಲ್ಲ.

ಹೆಂಡತಿ ಪ್ರತಿಮಾ ಮುಧೋಳದ ದವಾಖಾನೆಯಲ್ಲಿ ನರ್ಸು. ಬೆಳಗಿನ ಬಸ್ಸಿಗೆ ಹೊರಟವಳು ಹೊಸ್ತಿಲ ಮೇಲೆ ನಿಂತು, "ಸುಮ್ಮನ ಚೆನ್ನಮ್ಮನ ಡ್ರೆಸ್ ತಂದುಬಿಡ್ರಿ. ನಿಮ್ಮ ಕೈಲೆ ಒಂದ ಮೊಳಿ ನೆಟ್ಟಗ ಹೊಡಿಯಾಕ ಬರಂಗಿಲ್ಲ" ಎಂದಳು. ಮಾತು ಸುಳ್ಳಲ್ಲ. ಆದರೆ ಮಗಳ ಎದುರಿಗೆ ಅಂದದ್ದು ಗುರುಪಾದನಿಗೆ ನಾಟಿತು. ಅದಕ್ಕೇ ಆ ಡಬ್ಬಿ, ತೂತಿನ ಮಾತು. ದಾನಿ ಅಪ್ಪನ ಕಾಲು ತಬ್ಬಿಕೊಂಡು, "ನಮ್ಮಪ್ಪ ಮಾಡೇ ಮಾಡತಾನ ಬೇ" ಎಂದು ತಾಯಿಗೆ ಸವಾಲು ಹಾಕಿದಳು. ಇನ್ನು ಹಿಂದೆ ಸರಿಯುವ ದಾರಿ ಉಳಿಯಲಿಲ್ಲ.

ಡಬ್ಬಿಗಾಗಿ ಆಫೀಸಿನ ಗೆಳೆಯ ಹೊಳೆಪ್ಪನಿಗೆ ಫೋನು ಹೋಯಿತು. ಹೊಳೆಪ್ಪ ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಜೀವ. ನೀರು ಕೇಳಿದರೆ ಮಜ್ಜಿಗೆ ಕೊಟ್ಟು, ಮಜ್ಜಿಗೆ ಕೇಳಿದರೆ ಊಟಕ್ಕೆ ಕೂರಿಸುವವನು. "ಒಂದ ಸಣ್ಣ ರಟ್ಟಿನ ಡಬ್ಬಿ ಸಾಕಪಾ" ಎಂದರೆ ಬನಹಟ್ಟಿಯಿಂದ ಎರಡು ಬಾಗಿಲಿನ ಫ್ರಿಜ್ಜಿನ ಡಬ್ಬಿಯನ್ನೇ ಬೈಕಿನ ಹಿಂದೆ ಕಟ್ಟಿಕೊಂಡು ಬಂದ. ಹಿಂದಿನಿಂದ ನೋಡಿದವರಿಗೆ ಫ್ರಿಜ್ಜೇ ಬೈಕು ಹೊಡೆಯುತ್ತಿದೆ ಎನ್ನಿಸುವಂತಿತ್ತು. ದಾರಿಯಲ್ಲಿ ಗಾಳಿ ಹಿಡಿದು ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರಿಗೇ ಒರಗಿಕೊಂಡು ಸ್ವಲ್ಪ ದೂರ ಬಂದೆನೆಂದು ಅವನೇ ನಗುತ್ತ ಹೇಳಿದ.

ಡಬ್ಬಿ ಓಣಿ ಹೊಕ್ಕದ್ದೇ ತಡ, ಪಕ್ಕದ ಮನೆಯ ಕೆಂಪವ್ವನ ತಲೆ ಕಂಪೌಂಡಿನ ಮೇಲೆ ಮೂಡಿತು. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಅವಳ ಮೂಗಿಗೆ ಗೊತ್ತಾಗಬೇಕು.

"ಏನೋ ಗುರುಪಾದಾ, ಹೊಸಾ ಫ್ರಿಜ್ಜೇನ? ಒಂದ ಮಾತ ಹೇಳಲಿಲ್ಲ ನೋಡು!"

ಅವಳ ದನಿಗೆ ಓಣಿಯೇ ನೆರೆಯಿತು. ಪೇಢೆಯ ಆಸೆಗೆ ಎರಡು ಮಕ್ಕಳು ಕೈ ತೊಳೆದುಕೊಂಡೇ ಬಂದವು. ಡಬ್ಬಿಯಲ್ಲಿ ಇಣುಕಿ ನೋಡಿದ ಕೆಂಪವ್ವನ ಮುಖ ಇಳಿಯಿತು.

"ಖಾಲಿ! ಖಾಲಿ ಡಬ್ಬಿಗೆ ಇಷ್ಟು ಮೆರವಣಗಿ ಏನೋ?"

ಗುರುಪಾದ ವಿಷಯ ಹೇಳಿದ. ಕೆಂಪವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಹೆಣ್ಣ ಕೂಸಿಗೆ ಒಕ್ಕಣ್ಣ ಭೂತದ ವೇಷ? ನಮ್ಮ ಸಂಧ್ಯಾನ ನೋಡು, ಚೆನ್ನಮ್ಮ ಆಗ್ಯಾಳ. ತಿಂಗಳಾತು ಭಾಷಣ ಬಾಯಿಪಾಠ ಮಾಡ್ಸಾಕತ್ತಿ."

ಸಂಧ್ಯಾ ಅವಳ ಮೊಮ್ಮಗಳು, ದಾನಿಯ ವರ್ಗದವಳೇ. ಅಜ್ಜಿಯ ಸೆರಗು ಹಿಡಿದುಕೊಂಡು ಆ ಡಬ್ಬಿಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಕೆಲಸ ಸುರುವಾಯಿತು. ಟಿಂಗೂನ ಅಳತೆ ಸಿಗಲೆಂದು ಗುರುಪಾದ ಮೊಬೈಲಿನಲ್ಲಿ ಆಟ ಹಚ್ಚಿಟ್ಟ. ಟಿಂಗೂ ಒಂದು ಕಡೆ ನಿಲ್ಲುವವನೇ ಅಲ್ಲ. ನಿಲ್ಲಿಸಬೇಕೆಂದರೆ ಆಡಬೇಕು, ಆಡಿದರೆ ಗೋಡೆಗೆ ಬಡಿದು ಸಾಯುತ್ತಾನೆ. ಹೊಳೆಪ್ಪ ಆಡುತ್ತ ಕೂತ, ಗುರುಪಾದ ಕೊಯ್ಯುತ್ತ ಕೂತ. ಮೊದಲ ತಲೆ ಟಿಂಗೂನದಕ್ಕಿಂತ ಹೆಚ್ಚಾಗಿ ಕೋಳಿಗೂಡಿನಂತೆ ಕಂಡಿತು. ಎರಡನೆಯದಕ್ಕೆ ಕಣ್ಣಿನ ತೂತು ಗದ್ದದ ಹತ್ತಿರ ಬಿದ್ದಿತು. ಮೂರನೆಯದು ಅಂತೂ ಚೌಕವಾಗಿ ನಿಂತಾಗ ಅಪ್ಪ ಮಗಳು ಇಬ್ಬರೂ ಚಪ್ಪಾಳೆ ತಟ್ಟಿದರು.

ಉಳಿದ ರಟ್ಟಿನಲ್ಲಿ ಚೌಕ ಮೈಯನ್ನೂ ಮಾಡಿ, ಮನೆಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣ ಬಳಿದರು. ರಟ್ಟು ಬಣ್ಣ ಕುಡಿದು ಹಾಲಿನಲ್ಲಿ ನೆನೆದ ಭಕ್ರಿಯಂತೆ ಮೆತ್ತಗಾಯಿತು. ಫ್ಯಾನಿನ ಕೆಳಗಿಟ್ಟರೆ ಕರೆಂಟು ಹೋಯಿತು. ಬಿಸಿಲಿಗಿಟ್ಟು ಒಳಗೆ ಬಂದು ಹೋಗುವಷ್ಟರಲ್ಲಿ ಅದರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಮೂಡಿತ್ತು.

"ಬರೇ ಹಣಿ ಇರಬಾರದಪಾ, ಅಪಶಕುನ" ಎಂದಳು ಕೆಂಪವ್ವ ಗೋಡೆಯಾಚೆಯಿಂದ.

"ಟಿಂಗೂಗ ಇಬತ್ತಿ ಇಲ್ಲ ಆಯೀ!" ಎಂದು ದಾನಿ ಅಳಹತ್ತಿದಳು. ವಿಭೂತಿ ಒರೆಸಲು ಹೋಗಿ ಬಣ್ಣವೂ ಎದ್ದು ಬಂತು. ಮತ್ತೆ ಬಳಿಯಬೇಕಾಯಿತು. ರಟ್ಟು ಕುಸಿಯದಿರಲೆಂದು ಹೊಳೆಪ್ಪ ಒಳಗಡೆ ಪಟ್ಟಿ ಅಂಟಿಸಿ, ತನ್ನ ಸ್ವಭಾವಕ್ಕೆ ತಕ್ಕಂತೆ ಗೋಂದಿನ ಡಬ್ಬಿಯನ್ನೇ ಬರಿದು ಮಾಡಿ, ಚಹಾಕ್ಕೆ ಹಾಲು ತರಲು ಹೋದ. ದಾನಿ ಜಳಕಕ್ಕೆ ಹೋದಳು.

ಒಬ್ಬನೇ ಉಳಿದ ಗುರುಪಾದ ತಲೆಯನ್ನು ಎತ್ತಿ ನೋಡಿದ. ಅವನಿಗೆ ಅಭಿಮಾನ ಉಕ್ಕಿತು. ಕಣ್ಣಿನ ತೂತಿನಿಂದ ಮಗಳಿಗೆ ದಾರಿ ಕಾಣುತ್ತದೋ ಇಲ್ಲವೋ, ಒಂದು ಸಲ ಹಾಕಿ ನೋಡಿದರಾಯಿತು ಎಂದುಕೊಂಡ. ಕನ್ನಡಕದ ಸಮೇತ ತಲೆಯನ್ನು ಒಳಗೆ ತೂರಿಸಿದ. ಛಲೋ ಕಾಣುತ್ತಿತ್ತು. ತೆಗೆಯಲು ಹೋದ. ಬರಲಿಲ್ಲ.

ಹೊಳೆಪ್ಪನ ಗೋಂದು ಅವನ ಕೂದಲು, ಕನ್ನಡಕ, ಮೀಸೆ ಮೂರನ್ನೂ ತನ್ನದೆಂದು ಅಪ್ಪಿಕೊಂಡಿತ್ತು. ಎಳೆದರೆ ಪ್ರಾಣವೇ ಮೂಗಿಗೆ ಬಂತು. ಕೈ ಚಾಚಿ ತಡವರಿಸುತ್ತ ಪಡಸಾಲೆಗೆ ಬಂದ. ಅದೇ ಹೊತ್ತಿಗೆ ಕೆಂಪವ್ವ ದಾನಿಗೆಂದು ಬಟ್ಟಲಲ್ಲಿ ಬೆಲ್ಲದ ಮಾದಲಿ ಹಿಡಿದುಕೊಂಡು ಒಳಗೆ ಕಾಲಿಟ್ಟಳು.

ಹಸಿರು ತಲೆ, ಒಂದೇ ಕಣ್ಣು, ಒಳಗಿನಿಂದ "ಊಂ... ಊಂ..." ಎಂಬ ಸದ್ದು. ಬೇರೆಯವಳಾಗಿದ್ದರೆ ಓಡುತ್ತಿದ್ದಳು. ಕೆಂಪವ್ವ ಮಾದಲಿಯನ್ನು ಭದ್ರವಾಗಿ ಕಪಾಟಿನ ಮೇಲಿಟ್ಟು, ಮೂಲೆಯ ಕಸಬರಿಗೆ ಎತ್ತಿಕೊಂಡಳು.

"ಯವ್ವಾ! ಯಾರ್ಲೇ ನೀ?" ಎಂದು ಬೆನ್ನಿಗೆ ನಾಲ್ಕು ಬಾರಿಸಿದಳು.

"ನಾ... ನಾ ಗುರುಪಾದರೀ!"

"ಗುರುಪಾದನ ನುಂಗೀ ಏನ್ಲೇ!" ಎಂದು ಮತ್ತೆರಡು ಕೊಟ್ಟಳು.

ಓಣಿಯವರು ಎರಡನೆಯ ಸಲ ನೆರೆದರು. ಹಾಲು ತಂದ ಹೊಳೆಪ್ಪ ಕತ್ತರಿ ಹುಡುಕಿದ. ಅಷ್ಟರಲ್ಲಿ ಒದ್ದೆ ಕೂದಲಿನ ದಾನಿ ಓಡಿ ಬಂದು ಟಿಂಗೂನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಚೀರಿದಳು. "ಕತ್ತರಸಬ್ಯಾಡ್ರಿ! ನಂದು ಟಿಂಗೂ!"

ಒಳಗಿನ ಕತ್ತಲೆಯಲ್ಲಿ ಮಗಳ ಅಳು ಕೇಳಿ ಗುರುಪಾದನಿಗೆ ಬೆನ್ನ ಮೇಲಿನ ಬಾಸುಂಡೆ ಮರೆತುಹೋಯಿತು. "ಕತ್ತರಿ ಬ್ಯಾಡ ಹೊಳೆಪ್ಪಾ, ಎಳಿ. ಆಗಿದ್ದಾಗಲಿ, ಎಳಿ" ಎಂದ.

ಕೆಂಪವ್ವ ಶೇಂಗಾ ಎಣ್ಣೆ ತಂದು ಕುತ್ತಿಗೆಯ ಸಂದಿಯಿಂದ ಸುರಿದಳು. ಇಬ್ಬರು ಅವನ ಸೊಂಟ ಹಿಡಿದರು, ಹೊಳೆಪ್ಪ ತಲೆ ಹಿಡಿದ. ಕೂಡಲಸಂಗಯ್ಯನನ್ನು ನೆನೆದು ಒಂದೇ ಜಗ್ಗು. ಪಟ್ ಎಂದು ತಲೆ ಕಳಚಿತು. ಅದರ ಜೊತೆ ಕನ್ನಡಕದ ಒಂದು ಗಾಜೂ ಎಡಗಡೆಯ ಮೀಸೆಯೂ ಹೋದವು. ಉಳಿದ ಗಾಜು ಸೀಳಿತ್ತು. ಟಿಂಗೂಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

"ಮೀಸಿ ಹೋದ್ರ ಬರತೈತಿ ಬಿಡು" ಎಂದು ಕೆಂಪವ್ವ ಸಮಾಧಾನ ಹೇಳಿ, ಹೊರಗೆ ಹೋಗಿ ಓಣಿಗೆಲ್ಲ ಕೇಳುವಂತೆ ನಕ್ಕಳು. ಗುರುಪಾದ ಬಲಮೀಸೆಯನ್ನೂ ಬೋಳಿಸಿಕೊಂಡು, ಮಗಳನ್ನು ನಡುವೆ ಕೂರಿಸಿ, ಟಿಂಗೂನನ್ನು ಅಪ್ಪಿಕೊಂಡು ಹೊಳೆಪ್ಪನ ಬೈಕು ಏರಿದ. ದಾರಿಯುದ್ದಕ್ಕೂ ಅವನಿಗೆ ಕಂಡದ್ದು ಬರೀ ಬಣ್ಣದ ಮೋಡಗಳು.

ಶಾಲೆಯಲ್ಲಿ ವೇಷವನ್ನೂ ಮಗಳನ್ನೂ ಟೀಚರ ಕೈಗೊಪ್ಪಿಸಿ ಬಂದು ಹೊಳೆಪ್ಪನ ಜೊತೆ ಮುಂದಿನ ಸಾಲಿನಲ್ಲಿ ಕೂತ. ಪ್ರತಿಮಾಳ ಫೋನು ಬಂತು. "ಏನಾತ್ರಿ? ಚೆನ್ನಮ್ಮನ್ನ ತಂದ್ರೋ?"

"ಟಿಂಗೂನ! ಖರೇ ಟಿಂಗೂಗಿಂತ ಛಲೋ ಆಗೇತಿ!"

"ಹಂಗಾರ ಕೂಸಿನ ವಿಡಿಯೋ ಪೂರಾ ಮಾಡ್ರಿ. ನನಗ ನೋಡಬೇಕು."

ಬೆಳಗಿನಿಂದ ಆಟ ಆಡಿ ಫೋನಿನ ಬ್ಯಾಟರಿ ಕೊನೆಯುಸಿರಿನಲ್ಲಿತ್ತು. ಆದ್ದರಿಂದ ದಾನಿಯ ಹೆಸರು ಕರೆಯುವವರೆಗೆ ವಿಡಿಯೋ ಹಚ್ಚಬಾರದೆಂದು ಗುರುಪಾದ ನಿಶ್ಚಯಿಸಿ ಅದನ್ನು ಕೈಯಲ್ಲಿ ಸಿದ್ಧವಾಗಿ ಹಿಡಿದುಕೊಂಡ. ಒಬ್ಬರಾದ ಮೇಲೊಬ್ಬರು ಚೆನ್ನಮ್ಮ ಬಂದರು, ಕತ್ತಿ ಬೀಸಿದರು, ಹೋದರು. ಅವನ ಒಡೆದ ಕನ್ನಡಕಕ್ಕೆ ಎಲ್ಲರೂ ಒಂದೇ, ಅರಚುವ ಮೈಕಿನಲ್ಲಿ ಎಲ್ಲರ ದನಿಯೂ ಒಂದೇ.

"ಮುಂದಿನ ಚೆನ್ನಮ್ಮ, ಕುಮಾರಿ ಸಂಧ್ಯಾ!" ಎಂದು ಮೈಕು ಅರಚಿತು.

ಹಿಂದಿನ ಸಾಲಿನಿಂದ ಕೆಂಪವ್ವ, "ನಮ್ಮ ಮೊಮ್ಮಗಳ್ರೀ, ನೋಡ್ರಿ!" ಎಂದು ಎದ್ದು ನಿಂತಳು. ವೇದಿಕೆಯ ಮೇಲೆ ಕಿರೀಟ, ಸೆರಗು, ಬಣ್ಣ ತುಂಬಿದ ಪುಟ್ಟ ಆಕೃತಿಯೊಂದು ಕತ್ತಿ ಎತ್ತಿ, "ಎಲೋ ಪರದೇಶಿಗಳಿರಾ! ಕಿತ್ತೂರಿನ ಹಿಡಿ ಮಣ್ಣನ್ನೂ..." ಎಂದು ಜೋರಾಗಿ ಶುರು ಮಾಡಿತು. ಮಾತು ಗಟ್ಟಿಯಾಗಿತ್ತು. ಗುರುಪಾದನಿಗೆ ಬೆನ್ನ ಮೇಲಿನ ಕಸಬರಿಗೆ ನೆನಪಾಯಿತು, ಮೀಸೆ ನೆನಪಾಯಿತು. ಸ್ವಭಾವತಃ ಅವನು ಕೆಟ್ಟವನಲ್ಲ. ಆದರೂ ಕೆಂಪವ್ವನಿಗೆ ಕೇಳಲಿ ಎಂದು ಹೊಳೆಪ್ಪನಿಗೆ ತುಸು ದೊಡ್ಡ ದನಿಯಲ್ಲೇ ಹೇಳಿದ. "ಇಷ್ಟ ಮಂದಿ ಚೆನ್ನಮ್ಮ ಆವಾಗ ಇದ್ದಿದ್ರ, ಬ್ರಿಟಿಷರು ಹಡಗನ್ಯಾಗಿಂದ ಕೆಳಗ ಇಳೀತಿರಲಿಲ್ಲ ನೋಡು!"

ಎರಡು ಸಾಲು ಘೊಳ್ಳೆಂದು ನಕ್ಕವು. ಪುಟ್ಟ ಚೆನ್ನಮ್ಮ ಥಟ್ಟನೆ ನಿಂತಳು. ನಗು ಬಂದ ಕಡೆಗೇ ನೋಡಿದಳು. ಕತ್ತಿ ಮೆಲ್ಲಗೆ ಕೆಳಗಿಳಿಯಿತು. ಬಾಯಿ ಎರಡು ಸಲ ತೆರೆದು ಮುಚ್ಚಿತು. ಕೈ ಮುಗಿದು ಒಳಗೆ ಹೋದಳು. ಹಿಂದೆ ಕೆಂಪವ್ವ ಧೊಪ್ಪನೆ ಕೂತದ್ದು ಕೇಳಿಸಿತು. ಗುರುಪಾದನ ಮನಸ್ಸು ಚುರ್ರೆಂದಿತು. ಆದರೆ ಅಷ್ಟರಲ್ಲಿ ಮೈಕು, "ಕುಮಾರಿ ದಾನೇಶ್ವರಿ, ಟಿಂಗೂ!" ಎಂದು ಕೂಗಿತು.

ಹಸಿರು ಟಿಂಗೂ ವೇದಿಕೆಗೆ ಜಿಗಿದ. "ಟಿಂಗ್!" ಮೈದಾನದ ಮಕ್ಕಳೆಲ್ಲ ಎದ್ದು ನಿಂತು ಕೂಗಿದರು. ಮತ್ತೆ ಜಿಗಿದ, "ಟಿಂಗ್! ಟಿಂಗ್!" ಗುರುಪಾದ ಫೋನು ಎತ್ತಿ ಹಿಡಿದ. ಕಣ್ಣಲ್ಲಿ ನೀರು, ಬಾಯಲ್ಲಿ ಸಿಳ್ಳೆ. "ನನ್ನ ಮಗಳ್ರೀ! ನಾ ಮಾಡಿದ್ದರೀ!" ಎಂದು ಎಡಬಲದವರ ಭುಜ ಅಲುಗಾಡಿಸಿದ. ಚಪ್ಪಾಳೆ ನಿಲ್ಲಲೇ ಇಲ್ಲ. ವೇದಿಕೆಯ ಮೇಲಿದ್ದ ಹೆಡ್‌ಮಿಸ್ಸು ಮುಂದೆ ಬಂದು, "ಟಿಂಗೂ, ಎಲ್ಲಿ, ನಿನ್ನ ಮುಖಾ ತೋರಸು" ಎಂದು ತಲೆಯನ್ನು ಎತ್ತಿದರು.

"ಯವ್ವಾ, ನಮ್ಮ ಸಂಧ್ಯಾ!" ಎಂದು ಕೆಂಪವ್ವ ಚೀರಿದಳು.

ಮುದುಕಿಗೆ ತಲೆ ಕೆಟ್ಟಿತೆಂದು ಗುರುಪಾದ ನಗುತ್ತ ಫೋನಿನ ಪರದೆಯನ್ನು ಹಿಗ್ಗಿಸಿ, ಮೂಗಿಗೆ ಹತ್ತಿರ ಹಿಡಿದು ನೋಡಿದ. ಸಂಧ್ಯಾಳೇ. ಮೇಲಿನ ಎರಡು ಹಲ್ಲು ಇಲ್ಲದ ಬಾಯಿ ಅಗಲಿಸಿ ನಗುತ್ತಿದ್ದಳು.

ಟಿಂಗೂ ಸಂಧ್ಯಾ ಆದರೆ, ಚೆನ್ನಮ್ಮ ಯಾರು?

ಗುರುಪಾದ ಎತ್ತಿ ಹಿಡಿದಿದ್ದ ಫೋನನ್ನು ಕೆಳಗಿಳಿಸಿದ.

ಮೊದಲ ಬಹುಮಾನ ಟಿಂಗೂಗೇ ಬಂತು. ಹಡಬಡಿಸಿ ವೇದಿಕೆ ಏರಿದ ಕೆಂಪವ್ವ, "ನಾವು ಓಣ್ಯಾನವರೆಲ್ಲಾ ಕೂಡಿ ಮಾಡೇವ್ರಿ. ಎಣ್ಣಿ ಮಾತ್ರ ಪೂರಾ ನಂದು" ಎಂದು ಮೈಕಿನಲ್ಲಿ ಹೇಳಿ ಶಾಲು ಹೊದಿಸಿಕೊಂಡಳು.

ಗುರುಪಾದ ವೇದಿಕೆಯ ಹಿಂದಕ್ಕೆ ಓಡಿದ. ಅಲ್ಲಿ ಓರೆಯಾದ ಕಿರೀಟ ಇಟ್ಟುಕೊಂಡು ದಾನಿ ಮೆಟ್ಟಿಲ ಮೇಲೆ ಕೂತಿದ್ದಳು.

"ದಾನವ್ವಾ! ಯಾಕವಾ ಹಿಂಗ ಮಾಡಿದಿ?"

"ಸಂಧ್ಯಾ ಅಳಾಕತ್ತಿದ್ಲಪಾ. ಭಾಷಣ ಮರತೈತಿ, ಆಯಿ ಬೈತಾಳ ಅಂದ್ಲು. ಆಕಿ ದಿನಾ ಒದರೂದು ಕೇಳಿ ಕೇಳಿ ನಂಗ ಪೂರಾ ಬರ್ತಿತ್ತು. ಟಿಂಗೂಗ ಏನೈತಿ, ಬರೇ ಟಿಂಗ್ ಅಂದ್ರಾತು. ಅದಕ್ಕ ಆಕಿಗೆ ಕೊಟ್ನಿ." ದಾನಿ ಮೂಗು ಒರೆಸಿಕೊಂಡಳು. "ಛಲೋ ಹೇಳಾಕತ್ತಿದ್ನಿ. ನಡುವ ಯಾರೋ ನಕ್ಕರು. ಮರತ ಹೋತು. ನೀ ನಕ್ಕಿಲ್ಲಲಾ?"

ಮೀಸೆ ಇಲ್ಲದ ತುಟಿ ಅಲುಗಿತು. "ಇಲ್ಲವಾ" ಎಂದ ಗುರುಪಾದ.

"ಗೊತ್ತ ನಂಗ" ಎಂದು ದಾನಿ ಎದ್ದು ಅವನ ಕೈ ಹಿಡಿದಳು. "ನೀ ಫೋನ ಹಿಡಕೊಂಡ ಕುಂತಿದ್ದಿ, ಮ್ಯಾಲಿಂದ ಕಾಣತಿತ್ತು. ಎಲ್ಲಿ, ನಂದು ತೋರಸು."

ಬ್ಯಾಟರಿ ಸತ್ತಿದೆ ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಆ ಫೋನು ಗಣಗಣನೆ ಬಡಿದುಕೊಳ್ಳಹತ್ತಿತು. ಪ್ರತಿಮಾ. ಅವನು ತಡೆಯುವ ಮೊದಲೇ ದಾನಿ ಅದನ್ನು ಕಿತ್ತುಕೊಂಡು ಕಿವಿಗೆ ಹಚ್ಚಿದಳು.

"ಅವ್ವಾ, ನಾ ಚೆನ್ನಮ್ಮ ಆಗಿದ್ನಿ ಬೇ! ಅಪ್ಪ ಪೂರಾ ವಿಡಿಯೋ ಮಾಡ್ಯಾನ. ತಡಿ, ಈಗ ಕಳಸ್ತಾನ."