ಜೇಬಿನಲ್ಲಿ ಮಡಚಿಟ್ಟ ನಾಯಕ

ಕೆಟ್ಟ ಸುದ್ದಿಯನ್ನು ಹೆಂಡತಿಯ ಮನಸ್ಸು ನೋಯದಂತೆ ಹೇಳುವ ಕಲೆಯಲ್ಲಿ ಅಮೆರಿಕದ ಇಡೀ ಮಿನೆಸೋಟ ರಾಜ್ಯದಲ್ಲಿ ತನ್ನನ್ನು ಮೀರಿಸುವ ಗಂಡನಿಲ್ಲ ಎಂದು ಓರಿನ್ ಹಾಲ್ವರ್ಸನ್ ನಂಬಿದ್ದ. ಆ ಶನಿವಾರ ಬೆಳಿಗ್ಗೆ ಏಳಕ್ಕೆ ಬ್ರೆಡ್ ತರಲು ಹೊರಟವನು ಹಳೆಯ ಅಗ್ನಿಶಾಮಕ ಠಾಣೆಯ ಮುಂದೆ ಕಾರು ನಿಲ್ಲಿಸಿದ್ದು ಈ ಧೈರ್ಯದಿಂದಲೇ.

ಠಾಣೆಯಲ್ಲಿ ಈಗ ಬೆಂಕಿ ಆರಿಸುವವರಿಲ್ಲ, ನಾಟಕ ಆಡುವವರಿದ್ದಾರೆ. ಊರಿನ ಹವ್ಯಾಸಿ ತಂಡ ಬರುವ ಸೀಸನ್ನಿಗೆ ನಾಲ್ಕು ಆಟ ಸಾರಿತ್ತು. ಒಂದು ಕೊಲೆಯದು, ಒಂದು ಕ್ರಿಸ್‌ಮಸ್ಸಿನದು, ಒಂದು ಪ್ರಹಸನ. ಎಲ್ಲಕ್ಕೂ ಮೊದಲು ‘ಗಿರಣಿ ರಾಣಿ’ ಎಂಬ ಸಂಗೀತ ನಾಟಕ. ಓರಿನ್‌ನ ಹೆಂಡತಿ ಮೇವಿಸ್ ನಾಯಕಿಯ ಪಾತ್ರಕ್ಕಾಗಿ ಆರು ವರ್ಷದಿಂದ ಕಾಯುತ್ತಿದ್ದಳು. ಇದುವರೆಗೆ ಅವಳ ಪಾಲಿಗೆ ಬಂದದ್ದು ಒಂದು ಮರ, ಒಂದು ಶವ, ಒಂದು ಕುದುರೆಯ ಹಿಂಗಾಲು. ಈ ಸಲ ಬಿಡುವುದಿಲ್ಲ ಎಂದು ಪಾತ್ರೆ ತೊಳೆಯುವಾಗಲೂ ರಾಣಿಯ ಹಾಡನ್ನೇ ಹಾಡಿ ಹಾಡಿ, ಮನೆಯ ನಾಯಿಗೂ ಅದು ಬಾಯಿಪಾಠವಾಗಿತ್ತು.

ಬಾಗಿಲಿಗೆ ಪಾತ್ರಪಟ್ಟಿ ಅಂಟಿಸಿದ್ದರು. ಮೊದಲ ಸಾಲು: ನಾಯಕ, ಓರಿನ್ ಹಾಲ್ವರ್ಸನ್.

ಓರಿನ್ ಹಿಂದಕ್ಕೆ ತಿರುಗಿ ನೋಡಿದ. ಆ ಹೆಸರಿನವನು ಬೇರೆ ಯಾರೂ ಅಲ್ಲಿರಲಿಲ್ಲ. ಗುರುವಾರ ಪಾತ್ರಗಳಿಗೆ ಆಯ್ಕೆ ನಡೆದಾಗ ಅವನು ಹೆಂಡತಿಯನ್ನು ಕಾರಿನಲ್ಲಿ ಕರೆತಂದು ಹಿಂದಿನ ಕುರ್ಚಿಯಲ್ಲಿ ತೂಕಡಿಸುತ್ತಿದ್ದದ್ದು ನಿಜ. ನಿರ್ದೇಶಕಿ ಬರ್ನೀಸ್ ಎಬ್ಬಿಸಿ, “ಒಂದು ಸಾಲು ಹಾಡಿಬಿಡಿ, ಸಾಕು” ಅಂದದ್ದೂ ನಿಜ. ಅವನು ಹಾಡಿದ್ದು ಹುಟ್ಟುಹಬ್ಬದ ಹಾಡು. ಅಷ್ಟಕ್ಕೇ ನಾಯಕ!

ಒಳಗೊಳಗೇ ಎದೆ ಅರ್ಧ ಅಂಗುಲ ಉಬ್ಬಿತು. ಆದರೆ ಹೆಸರುಗಳನ್ನಷ್ಟೇ ನೋಡುತ್ತಾ ಬೆರಳು ಕೆಳಗಿಳಿದಂತೆ ಆ ಉಬ್ಬೂ ಇಳಿಯಿತು. ರಾಣಿ ಬೇರೆ ಯಾರೋ. ಕಟ್ಟಕಡೆಯ ಸಾಲಿನಲ್ಲಿ, ‘ಹಳ್ಳಿಯ ಹೆಂಗಸು ನಂಬರ್ ಮೂರು, ಮೇವಿಸ್.’ ಬೇರೆಯವರ ಬಾಯಿಂದ ಅವಳಿಗೆ ಇದು ತಿಳಿಯಕೂಡದು, ಹೊತ್ತು ನೋಡಿ ತಾನೇ ಹೇಳಬೇಕು. ಪಟ್ಟಿಯನ್ನು ಪರಪರ ಕಿತ್ತು, ಮಡಚಿ, ಕೋಟಿನ ಒಳಜೇಬಿಗೆ ತುರುಕಿದ. ಬ್ರೆಡ್ ಮರೆತೇಹೋಯಿತು.

“ಬ್ರೆಡ್ ಎಲ್ಲಿ?” ಎಂದಳು ಮೇವಿಸ್.

“ಅಂಗಡಿ ಮುಚ್ಚಿತ್ತು.”

ತಿಂಡಿ ಮುಗಿದು ಎಷ್ಟೋ ಹೊತ್ತಾದ ಮೇಲೆ ಅವಳು ಮತ್ತೆ ಬಂದಳು.

“ಆಗಸ್ಟ್ ಸೆಖೆಯಲ್ಲಿ ಕೋಟು ಹಾಕ್ಕೊಂಡೇ ಕೂತಿದ್ದೀಯಲ್ಲ?”

“ಬೆಳಿಗ್ಗೆ ತಂಪಿತ್ತು.”

“ಈಗ ಹತ್ತು ಗಂಟೆ.”

“ನನಗಿನ್ನೂ ಚಳಿ” ಎಂದ ಓರಿನ್, ಹಣೆಯ ಬೆವರು ಒರೆಸಿಕೊಳ್ಳುತ್ತಾ. ಹೇಳಬೇಕೆಂದು ಮೂರು ಸಲ ಬಾಯಿ ತೆರೆದ. ಮೂರು ಸಲವೂ ಕಾಫಿ ಕೇಳಿದ.

ಅಷ್ಟರಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಮೇವಿಸ್ ಪ್ರತಿ ಸಲವೂ ಕೇಳಿಸಿಕೊಂಡು ಬಂದು ನಿಧಾನವಾಗಿ ವರದಿ ಒಪ್ಪಿಸುತ್ತಿದ್ದಳು.

“ಬಾಗಿಲಲ್ಲಿ ಪಟ್ಟಿ ಇಲ್ಲವಂತೆ.”

ಸ್ವಲ್ಪ ಹೊತ್ತಿಗೆ, “ಬರ್ನೀಸ್ ರಾಜೀನಾಮೆ ಕೊಟ್ಟಳಂತೆ.”

ಹನ್ನೊಂದಕ್ಕೆ, “ಸೀಸನ್ನೇ ರದ್ದಂತೆ. ನಾಲ್ಕೂ ಆಟ.”

ಹನ್ನೆರಡಕ್ಕೆ, “ಬರ್ನೀಸ್ ಹಾಸಿಗೆ ಹಿಡಿದಿದ್ದಾಳಂತೆ.” ಒಂದಕ್ಕೆ ಅವಳೇ ಫೋನ್ ಮಾಡಿದಳು. ಅವಳ ದನಿ ಕೋಣೆಯ ಈ ತುದಿಗೂ ಕೇಳಿಸುತ್ತಿತ್ತು: “ಚರ್ಚಿನ ಹೆಂಗಸರು ನನ್ನ ಮನೆಗೆ ಏಳು ಪಾತ್ರೆ ಹಾಟ್‌ಡಿಶ್ ಅಡುಗೆ ತಂದಿಟ್ಟು ಹೋಗಿದಾರೆ ಕಣೇ, ಸಾವಿನ ಮನೆಗೆ ತರೋ ಹಾಗೆ. ನಾನು ಬದುಕಿದೀನಿ ಅಂತ ನೀನಾದ್ರೂ ಹೇಳು. ನನ್ನ ಪಟ್ಟಿ ಕದ್ದವನ ಕೈ ಸೇದಿಹೋಗ!”

ಓರಿನ್‌ನ ಕೈ ಆಗಲೇ ಮರಗಟ್ಟಿತ್ತು. ಊರಿನ ನಾಟಕದ ಮನೆಯನ್ನೇ ಅವನು ಒಂದು ಬೆಳಗಿನಲ್ಲಿ ಮುಳುಗಿಸಿದ್ದ.

ಮೇವಿಸ್ ಫೋನ್ ಇಟ್ಟು ಎದುರಿಗೆ ಬಂದು ಕೂತಳು.

“ಕೋಟು ಬಿಚ್ಚು.”

“ಮೇವಿಸ್, ಕೇಳು, ನಾನು ನಿನಗೆ ಮೆಲ್ಲಗೆ—”

“ಬಿಚ್ಚು ಅಂದೆ.”

ಬೆವರಿಗೆ ನೆಂದು ಮೆತ್ತಗಾದ ಪಟ್ಟಿ ಮೇಜಿನ ಮೇಲೆ ಬಿತ್ತು. ಅವಳು ಅದನ್ನು ಬಿಡಿಸಿ, ಕೊನೆಯ ಸಾಲಿನ ಪಕ್ಕದ ಅಂಚನ್ನು ಬೆರಳಿನಿಂದ ತೋರಿಸಿದಳು. ಅಲ್ಲಿ ನೀಲಿ ಶಾಯಿಯಲ್ಲಿ ಅವಳ ಸಹಿಯಿತ್ತು.

“ಪಾತ್ರ ಒಪ್ಪಿದವರು ಹೆಸರಿನ ಪಕ್ಕ ಸಹಿ ಹಾಕ್ತಾರೆ. ಇಷ್ಟು ವರ್ಷ ನನ್ನ ಕರ್ಕೊಂಡು ಹೋಗಿ ಬಿಟ್ಟಿದ್ದೀಯ, ಅದೂ ಗೊತ್ತಿಲ್ವಾ? ನಾಯಿ ಕರ್ಕೊಂಡು ಆರು ಗಂಟೆಗೇ ಹೋಗಿದ್ದೆ. ಮೆಟ್ಟಿಲ ಮೇಲೆ ಕೂತು ಐದು ನಿಮಿಷ ಅತ್ತೆ. ಆಮೇಲೆ ಸಹಿ ಹಾಕಿ ಬಂದೆ.”

“ಮತ್ತೆ ಬೆಳಿಗ್ಗೆಯಿಂದ ಯಾಕೆ ಸುಮ್ಮನಿದ್ದೆ?”

“ನೀನು ಯಾವಾಗ ಬಾಯಿ ಬಿಡ್ತೀಯ ಅಂತ ನೋಡ್ತಿದ್ದೆ. ಪಾತ್ರ ಸಿಗದೇ ಇದ್ದದ್ದಕ್ಕಿಂತ, ನಾನು ಇಷ್ಟಕ್ಕೇ ಕುಸಿದುಬಿಡ್ತೀನಿ ಅಂತ ನೀನು ಅಂದ್ಕೊಂಡೆಯಲ್ಲ, ಅದು ಜಾಸ್ತಿ ಬೇಜಾರಾಯ್ತು.”

ಓರಿನ್‌ಗೆ ನಾಚಿಕೆಯಾಯಿತು. ತಲೆ ತಗ್ಗಿಸಿದಾಗ ಮೊದಲ ಸಾಲು ಕಣ್ಣಿಗೆ ಬಿತ್ತು. ಅದರ ಪಕ್ಕದಲ್ಲೂ ಸಹಿ! ಅಕ್ಷರ ಮೇವಿಸ್‌ಳದು, ಹೆಸರು ಅವನದು.

“ನನ್ನ ಪರವಾಗಿ ನೀನೇ ಒಪ್ಪಿಬಿಟ್ಟೆಯಾ?”

“ಹೂಂ. ಈ ಪಟ್ಟಿ ವಾಪಸ್ ಅಂಟಿಸಿದ್ರೆ ಸೀಸನ್ನೂ ಉಳಿಯುತ್ತೆ. ಇನ್ನು ಮೇಲೆ ನೀನು ತಾಲೀಮು ಮಾಡು, ಹಿಂದಿನ ಕುರ್ಚಿಯಲ್ಲಿ ನಾನು ತೂಕಡಿಸ್ತೀನಿ.”

ಓರಿನ್ ಗಂಟಲು ಸರಿಮಾಡಿಕೊಂಡ. ಬೆಳಗಿನ ಅರ್ಧ ಅಂಗುಲ ಎದೆ ಮತ್ತೆ ಉಬ್ಬುತ್ತಿತ್ತು. “ಹಾಗಾದ್ರೆ ನನ್ನ ಕಂಠದಲ್ಲಿ ಬರ್ನೀಸ್ ಏನೋ ಕಂಡಿರಬೇಕು, ಅಲ್ವಾ?”

“ಅವತ್ತು ಬಂದವರು ಇಪ್ಪತ್ತಮೂರು ಹೆಂಗಸರು, ಇಬ್ಬರು ಗಂಡಸರು” ಎಂದಳು ಮೇವಿಸ್. “ಒಬ್ಬ ಕಾರು ಓಡಿಸಿಕೊಂಡು ಬಂದ ನೀನು. ಇನ್ನೊಬ್ಬ ಪಿಜ್ಜಾ ಕೊಡೋಕೆ ಬಂದವನು. ಬರ್ನೀಸ್ ಮೊದಲು ಅವನನ್ನೇ ಕೇಳಿದ್ದಳು. ಅವನಿಗೆ ಶನಿವಾರ ರಜೆ ಸಿಗಲ್ಲವಂತೆ.”