ಸೊಳ್ಳೆ ಕಚ್ಚಿದಲ್ಲಿ ಅತ್ತೆಯ ಬೆರಳು

ನಮ್ಮ ಸೋದರತ್ತೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಯಾರಿಗೆ ಸೊಳ್ಳೆ ಎಲ್ಲಿ ಕಚ್ಚಿತ್ತು ಎಂಬುದು ಮಾತ್ರ ಎಷ್ಟು ವರ್ಷವಾದರೂ ಮರೆಯುವುದಿಲ್ಲ! ನಂಬುವುದಿಲ್ಲವೇ? ಮೊನ್ನೆ ಹೊಸಪೇಟೆ ಬಸ್ ನಿಲ್ದಾಣದಲ್ಲಿ ನನ್ನ ಶಾಲೆಯ ಗೆಳತಿಯೊಬ್ಬಳು ಸಿಕ್ಕಳು. ಅತ್ತೆ ಅವಳ ಮುಖವನ್ನು ಪಿಳಿಪಿಳಿ ನೋಡಿದರು. ಗುರುತು ಹತ್ತಲಿಲ್ಲ. ಕೊನೆಗೆ ಅವಳ ಮಣಿಕಟ್ಟು ಹಿಡಿದು ತಿರುಗಿಸಿ ನೋಡಿ, "ಬೋರೆಹಣ್ಣಿನಂಗ ಊದಿತ್ತಲ್ಲ, ಆ ಹುಡುಗಿ ಹೌದಿಲ್ಲೋ?" ಎಂದರು. ಗೆಳತಿ ತೆರೆದ ಬಾಯಿ ಮುಚ್ಚಲಿಲ್ಲ.

ಅತ್ತೆ ಇರುವುದು ಕಂಪ್ಲಿಯಲ್ಲಿ. ಹಿತ್ತಲು ಮುಗಿದಲ್ಲಿಂದಲೇ ಭತ್ತದ ಗದ್ದೆ, ಗದ್ದೆ ತುಂಬ ನೀರು. ಅಲ್ಲಿನ ಸೊಳ್ಳೆಗಳ ಬಗ್ಗೆ ಹೇಳುವುದೇ ಬೇಡ. ಆದರೆ ಅತ್ತೆಗೆ ಸೊಳ್ಳೆಯ ಮೇಲೆ ಒಂದಿಷ್ಟೂ ಸಿಟ್ಟಿಲ್ಲ. ಅದು ಬರಲಿ, ಕಚ್ಚಲಿ, ಹೋಗಲಿ. ಅದು ಹೋದ ಮೇಲಿನ ಕೆಲಸ ಮಾತ್ರ ತಮ್ಮದು ಎಂದು ಅವರು ತೀರ್ಮಾನಿಸಿದ್ದಾರೆ. ಕಣ್ಣೆದುರು ಯಾರಾದರೂ ಕೆರೆದುಕೊಂಡರೆ ಸಾಕು, ಪರಿಚಯ ಇರಲಿ ಇಲ್ಲದಿರಲಿ, ಅತ್ತೆಯ ಕೈ ಅಲ್ಲಿಗೆ ಹೋಗಿಯೇ ತೀರುತ್ತದೆ.

ನಾನು ಚಿಕ್ಕವಳಿದ್ದಾಗ ಅವರೊಮ್ಮೆ ಹೊಸಪೇಟೆಯ ಕಾಲುವೆ ಪಕ್ಕದ ನಮ್ಮ ಮನೆಗೆ ಬಂದಿದ್ದರು. ನಾನು ಮೊಣಕಾಲು ಕೆರೆದುಕೊಳ್ಳುತ್ತ ಕೂತಿದ್ದೆ. ಅತ್ತೆ ನನ್ನನ್ನು ಎಳೆದು ಕೂರಿಸಿಕೊಂಡು, ಬೆರಳನ್ನು ತಮ್ಮ ಬಾಯಿಗಿಟ್ಟು, ಧಾರಾಳವಾಗಿ ಉಗುಳು ತೆಗೆದು ಗುಳ್ಳೆಗೆ ಹಚ್ಚಿಬಿಟ್ಟರು! ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು. ನಮ್ಮಮ್ಮ ಎಂಥವಳೆಂದರೆ, ನಲ್ಲಿಯನ್ನು ತಿರುಗಿಸುವ ಮೊದಲು ನಲ್ಲಿಯನ್ನೇ ತೊಳೆಯುವವಳು. ಅವಳ ಮುಖ ಬಿಳಿಚಿಹೋಯಿತು.

"ಏನ್ ಮಾಡಾಕತ್ತೀರಿ ನೀವು?"

"ಔಷಧಿ ಹಚ್ಚಾಕತ್ತೀನಿ ಅತ್ತಿಗಿ," ಎಂದರು ಅತ್ತೆ ತಣ್ಣಗೆ. "ಬಾಯಾಗ ಇರ್ತೈತಿ ನೋಡು, ಹುಡುಕೋ ಕೆಲ್ಸಿಲ್ಲ."

ಅಮ್ಮ ನನ್ನನ್ನು ಬಚ್ಚಲಿಗೆ ಎಳೆದೊಯ್ದು ಮೊಣಕಾಲಿಗೆ ಸೋಪು ಹಾಕಿ ತಿಕ್ಕಿದ ರಭಸಕ್ಕೆ ಗುಳ್ಳೆ ಎಲ್ಲಿತ್ತೆಂಬುದೇ ಗೊತ್ತಾಗದಂತಾಯಿತು. ತುರಿಕೆಯೇನೋ ನಿಂತಿತು. ಉಗುಳಿನಿಂದಲೋ, ಸೋಪಿನಿಂದಲೋ, ಭಯದಿಂದಲೋ ಹೇಳಲಾರೆ. ಅಂದಿನಿಂದ ಅಮ್ಮ ಈ ನಾದಿನಿಯ ಜೊತೆ ಬೇಕಾದಷ್ಟೇ ಮಾತಾಡತೊಡಗಿದಳು. ಬರ್ರಿ, ಉಣ್ರಿ, ಹುಷಾರಾಗಿ ಹೋಗ್ರಿ. ಅಷ್ಟೇ. ಅತ್ತೆ ಇದನ್ನು ಗಮನಿಸಿದರೋ ಇಲ್ಲವೋ ನನಗೆ ತಿಳಿಯದು. ಬರುವುದನ್ನಂತೂ ಬಿಡಲಿಲ್ಲ.

ನನ್ನನ್ನು ನೋಡಲು ಗಂಡಿನವರು ಬಂದ ದಿನ ಅಮ್ಮ ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು, ಅವರ ತಂಗಿ ಅಡುಗೆಮನೆ ದಾಟಿ ಬರಕೂಡದು ಎಂದು. ಹುಡುಗ ಕುರೆಕುಪ್ಪದವನು, ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸ. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದನಂತೆ. ಉಪ್ಪಿಟ್ಟಿನ ತಟ್ಟೆ ಹಿಡಿದು ತೂಕಡಿಸುವುದೊಂದು ಬಾಕಿ. ಅಷ್ಟರಲ್ಲಿ ಅವನ ಮೂಗಿನ ತುದಿಗೆ ಸೊಳ್ಳೆ ಕಚ್ಚಿತು. ಅವನು ಮರ್ಯಾದೆಗೆ ಅಂಜಿ ಕೆರೆದುಕೊಳ್ಳಲಿಲ್ಲ, ಮೂಗನ್ನು ಮಾತ್ರ ಮೊಲದ ಹಾಗೆ ಆಡಿಸತೊಡಗಿದ. ಅಡುಗೆಮನೆಯ ಪರದೆ ಸರಿಯಿತು. ಅತ್ತೆ ಬಂದರು. ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಭಾವೀ ಅಳಿಯನ ಮೂಗಿನ ಮೇಲೆ ಒಂದು ಬಿಳಿ ಚುಕ್ಕಿ ಇಟ್ಟು, ಬಂದ ಹಾಗೆಯೇ ಒಳಗೆ ಹೋದರು!

ಹುಡುಗನ ತಾಯಿ ಕೈಯಲ್ಲಿದ್ದ ಚಹಾ ಕುಡಿಯುವುದನ್ನು ಮರೆತರು. ಅಪ್ಪ ಫ್ಯಾನ್ ನೋಡಿದರು. ಅಮ್ಮ ನೆಲ ನೋಡಿದಳು. ನಾನು ಎಲ್ಲಿ ನೋಡಲಿ? ನಾನು ನೋಡಬೇಕಾದ ಜಾಗದಲ್ಲಿ ಸುಣ್ಣವಿತ್ತು.

ಸಂಬಂಧ ಮುರಿಯಿತೆಂದು ಅಮ್ಮ ಅಂದು ಊಟವನ್ನೇ ಮಾಡಲಿಲ್ಲ. ಮರುದಿನ ಕುರೆಕುಪ್ಪದಿಂದ ಫೋನ್ ಬಂತು. ಹುಡುಗನಿಗೆ ಒಪ್ಪಿಗೆ, ಒಂದೇ ಪ್ರಶ್ನೆ, ಸುಣ್ಣ ಹಚ್ಚಿದವರು ಮದುವೆಗೆ ಬರುತ್ತಾರಲ್ಲವೇ?

ಮದುವೆಯಾದ ಮೇಲೆ ನಾವಿಬ್ಬರೂ ಅತ್ತೆಯನ್ನು ಹಂಪಿಗೆ ಕರೆದುಕೊಂಡು ಹೋದೆವು. ಅವರು ಯಾವ ಕಲ್ಲನ್ನೂ ನೋಡಲಿಲ್ಲ. ಅತಿಥಿಗೃಹವೊಂದರ ಮೆಟ್ಟಿಲ ಮೇಲೆ ಚಡ್ಡಿ ತೊಟ್ಟ ವಿದೇಶಿ ಹೆಂಗಸೊಬ್ಬಳು ಕಾಲು ಕೆರೆದುಕೊಳ್ಳುತ್ತ ಕೂತಿದ್ದನ್ನು ಮಾತ್ರ ನೋಡಿದರು. ನಾವು ತಡೆಯುವುದರೊಳಗೆ ಆ ಬಿಳಿ ಕಾಲು ಅತ್ತೆಯ ಮಡಿಲಲ್ಲಿತ್ತು. ತಿನ್ನುತ್ತಿದ್ದ ಬಾಳೆಹಣ್ಣನ್ನು ನನ್ನ ಗಂಡನ ಕೈಗೆ ತುರುಕಿ, ಸಿಪ್ಪೆಯ ಒಳಮೈಯಿಂದ ಉಜ್ಜತೊಡಗಿದರು. ಪೊಲೀಸರು ಬರುತ್ತಾರೆಂದೇ ನಾನು ಸುತ್ತ ಕಣ್ಣಾಡಿಸಿದೆ. ಆಕೆ ಕಣ್ಣುಮುಚ್ಚಿ ಹಾಯೆಂದು ಗೋಡೆಗೊರಗಿದಳು. ಕೊನೆಗೆ ಕಾಲಿನದೂ ಸಿಪ್ಪೆಯದೂ ಫೋಟೋ ತೆಗೆದುಕೊಂಡಳು. ತಮ್ಮ ಮುಖ ಬಿಟ್ಟು ಸಿಪ್ಪೆಯ ಫೋಟೋ ಯಾಕೆ ತೆಗೆದಳೆಂದು ಅತ್ತೆಗೆ ಇಂದಿಗೂ ಬೇಸರ.

ಕಳೆದ ಮಳೆಗಾಲದಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಬಿದ್ದುಹೋಯಿತು, ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಒಂದು ಮಧ್ಯಾಹ್ನ ಅವಳು ಒಂದೇ ಸಮನೆ ನರಳತೊಡಗಿದಳು. ತಲೆ ಅತ್ತಿತ್ತ ಹೊರಳಿಸುವುದು, ಎಡಗೈಯನ್ನು ಹಾಸಿಗೆಗೆ ಬಡಿಯುವುದು. ನೀರು ಕೊಟ್ಟೆ, ಬೇಡವೆಂದು ಮುಖ ತಿರುಗಿಸಿದಳು. ಮಗ್ಗುಲು ಬದಲಿಸಿದೆ, ಬಟ್ಟೆ ಬದಲಿಸಿದೆ, ಕಾಲೊತ್ತಿದೆ. ನರಳಾಟ ನಿಲ್ಲಲಿಲ್ಲ. ಇನ್ನೊಮ್ಮೆ ಹೊಡೆತ ಬಂತೇನೋ ಎಂದು ಅಪ್ಪನನ್ನು ಕೂಗಿದೆ. ಅಪ್ಪ ಆಟೋ ತರಲು ಹೊರಗೆ ಓಡಿದರು.

ಅದೇ ಹೊತ್ತಿಗೆ ಅತ್ತೆ ಕಂಪ್ಲಿಯಿಂದ ಬಂದರು. ಏನಾಯಿತೆಂದು ನನ್ನನ್ನು ಕೇಳಲಿಲ್ಲ. ಹಾಸಿಗೆಯ ಪಕ್ಕ ಕೂತು ಅಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಬಡಿಯುತ್ತಿದ್ದ ಆ ಎಡಗೈಯನ್ನು ಮೆಲ್ಲಗೆ ಹಿಡಿದು ತಿರುಗಿಸಿದರು. ಮೊಣಕೈಯ ಹಿಂಭಾಗದಲ್ಲಿ ಸಾಲಾಗಿ ಕೆಂಪು ಗುಳ್ಳೆಗಳು, ಹಾಸಿಗೆಗೆ ಉಜ್ಜಿ ಉಜ್ಜಿ ಚರ್ಮ ಕಿತ್ತುಬಂದಿತ್ತು.

"ಬಲಗೈ ಏಳಂಗಿಲ್ಲ," ಎಂದರು ಅತ್ತೆ, ನನಗೆ ಹೇಳುತ್ತಿದ್ದಾರೋ ತಮಗೇ ಹೇಳಿಕೊಳ್ಳುತ್ತಿದ್ದಾರೋ ತಿಳಿಯದಂತೆ. "ಎಡಗೈಗೆ ಸೊಳ್ಳಿ ಕಡದ್ರ ಎಡಗೈಲೇ ಹೆಂಗ ಕೆರಕೋಬೇಕು ಆಕಿ?"

ಇಷ್ಟು ದಿನ ಅಮ್ಮನಿಗೆ ಎಲ್ಲೆಲ್ಲಿ ಕಡಿದಿತ್ತೋ, ಎಷ್ಟು ಸಹಿಸಿದ್ದಳೋ!

ಅತ್ತೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಕೇಳಿದರು. ಗುಳ್ಳೆಗಳ ಮೇಲೆ ಒತ್ತಿ ಹಿಡಿದು, ಆರಿದಂತೆ ಮತ್ತೆ ಅದ್ದಿ, ಮತ್ತೆ ಒತ್ತಿದರು. ಅಮ್ಮನ ನರಳಾಟ ಸಣ್ಣದಾಯಿತು, ನಿಂತಿತು. ಅಪ್ಪ ತಂದ ಆಟೋವನ್ನು ವಾಪಸು ಕಳಿಸಿದೆವು. ಅಮ್ಮ ಎಡಗೈಯಿಂದ ಅತ್ತೆಯ ಬೆರಳುಗಳನ್ನು ಹಿಡಿದುಕೊಂಡು ಹಾಗೆಯೇ ನಿದ್ದೆಹೋದಳು.

ಸಂಜೆಯಾಯಿತು. ಕಂಪ್ಲಿ ಬಸ್ಸಿನ ಹೊತ್ತಾಯಿತೆಂದು ನಾನು ಅಮ್ಮನ ಹಿಡಿತ ಬಿಡಿಸಲು ಹೋದೆ.

"ಬ್ಯಾಡ," ಎಂದು ಅತ್ತೆ ಪಿಸುಗುಟ್ಟಿದರು. "ಈಗ ಕಣ್ಣು ಮುಚ್ಯಾಳ. ಬಸ್ಸು ನಾಳೆನೂ ಇರ್ತೈತಿ."

ನಾನು ಒಂದು ದಿಂಬು ತಂದು ಅವರ ಬೆನ್ನಿಗೆ ಕೊಟ್ಟೆ.